ಹೊತ್ತು ಹುಟ್ಟದ ಮಂಗಳವಾರ

ಹುಲೆಪ್ಪನ ಬಳಿ ಗಡಿಯಾರವಿರಲಿಲ್ಲ. ಆದರೂ ಊರಿಗೆಲ್ಲ ಹೊತ್ತು ಹೇಳುವವನು ಅವನೇ. ಜಮಖಂಡಿ ತಾಲೂಕಿನ ಆ ಹೊಳೆದಂಡೆಯ ಊರಿನಲ್ಲಿ ಪಂಚಾಯ್ತಿಯ ಸುದ್ದಿಯನ್ನು ಹಲಗೆ ಬಾರಿಸಿ ಸಾರುವುದು ಅವನ ಕೆಲಸ. ಸಾಹೇಬರ ಗಂಟೆಯನ್ನು ಅವನು ಊರಿನ ಹೊತ್ತಿಗೆ ತಿರುಗಿಸಿಯೇ ಸಾರುತ್ತಿದ್ದ. ಸಂಜೆ ಏಳು ಎಂದರೆ ‘ದೀಪಾ ಹಚ್ಚೂ ಹೊತ್ತಿಗೆ’, ಮುಂಜಾನೆ ಐದು ಎಂದರೆ ‘ಕೋಳಿ ಕೂಗೂದಕ್ಕ’. ಕೈಗೆ ವಾಚು ಕಟ್ಟಿಕೊಂಡ ನಮ್ಮಂಥವರು ಬಸ್ಸು ತಪ್ಪಿಸಿಕೊಂಡದ್ದುಂಟು. ಹುಲೆಪ್ಪನನ್ನು ನಂಬಿದವರು ಏನನ್ನೂ ತಪ್ಪಿಸಿಕೊಂಡದ್ದಿಲ್ಲ.

ಆ ಮಳೆಗಾಲದ ಒಂದು ಸೋಮವಾರ ಮುಂಜಾನೆ, ಪಂಚಾಯ್ತಿಯ ಕಾರಕೂನ ಅಪ್ಪಾಸಾಬ ಫೋನು ಕೆಳಗಿಟ್ಟು ಅವನನ್ನು ಕರೆದ.

“ಮ್ಯಾಲಿನ ಡ್ಯಾಮಿನ ಗೇಟ ತಗದಾರಂತ. ಮಂಗಳವಾರ ಹನ್ನೆರಡೂವರಿಗೆ ನೀರು ನಮ್ಮೂರು ಮುಟ್ಟತೈತಂತ.”

“ಹಗಲೋ ರಾತ್ರಿಯೋ, ಸಾಹೇಬ್ರ?”

ಅಪ್ಪಾಸಾಬ ತಲೆ ಕೆರೆದುಕೊಂಡ. “ಎ.ಎಂ. ಅಂದ್ರಪಾ. ರಾತ್ರಿನ.”

ಹುಲೆಪ್ಪ ಓಣಿ ಓಣಿ ತಿರುಗಿ, ಹೊಳೆದಂಡೆಯಲ್ಲೂ ನಿಂತು ಸಾರಿದ. “ಕೇಳ್ರೆಪೋ ಕೇಳ್ರಿ! ನಾಳೆ ಮಂಗಳವಾರ ಉಂಡು ಮಲಗಿ ಒಂದು ನಿದ್ದಿ ಆಗೂದರಾಗ ದೊಡ್ಡ ನೀರು ಬರತೈತಿ. ನಡುಗಡ್ಡಿಯವರು ನಾಳೆ ಹೊತ್ತು ಮುಳುಗೂದರಾಗ ಈ ದಂಡಿಗೆ ಬರ್ರಿ!”

ನಡುಗಡ್ಡೆಯಲ್ಲಿ ನಾಲ್ಕು ಗುಡಿಸಲು, ಒಂದಿಷ್ಟು ಕಬ್ಬು, ದಾಟಲು ಗಂಗಾರಾಮನ ಒಂದೇ ದೋಣಿ. ಹುಲೆಪ್ಪನ ತುಂಬುಗಬ್ಬದ ಎಮ್ಮೆಯೂ ಅಲ್ಲಿಯೇ ಇತ್ತು. ಈಯುವ ದಿನ ಹತ್ತಿರ ಬಂದಿತ್ತು. ನೀರು ನಾಳೆ ತಾನೆ ಎಂದು ಅವನ ಹೆಂಡತಿ ತಂಗೆವ್ವ ಮಧ್ಯಾಹ್ನ ಅತ್ತ ದಾಟಿದಳು.

ಸಂಜೆಗೆ ಅಳಿಯ ರಾಜಕುಮಾರ ಬಂದ. ರಬಕವಿಯ ಪಾವರ್‌ಲೂಮಿನಲ್ಲಿ ರಾತ್ರಿಪಾಳಿ ಮಾಡುವವನು.

“ಅತ್ತಿಯವರು ಎಲ್ಲದಾರ್ರಿ ಮಾವಾ?”

“ನಡುಗಡ್ಡ್ಯಾಗ. ಎಮ್ಮಿ ಈಯೂ ಹಂಗೈತಿ.”

“ಇವತ್ತ ರಾತ್ರಿ ನೀರು ಬರೂದೈತಿ, ಎಮ್ಮಿ ಕಾಯಾಕತ್ತಾರೇನ? ನಮ್ಮಲ್ಲೆ ಹೊಳಿ ಮೋಟಾರೆಲ್ಲಾ ಮ್ಯಾಲೆ ಎಳದಾರ.”

“ಮಂಗಳವಾರ ಅಲ್ರೀ ಅಳಿಯಾಂದ್ರ?”

“ಹೌದ್ರಿ. ಇವತ್ತ ರಾತ್ರಿ ಹನ್ನೆರಡು ಹೊಡೀತಂದ್ರ ಮಂಗಳವಾರನ. ನಮ್ಮ ಪಾಳಿನೂ ಹಂಗ ಬರೀತಾರ.”

ಹುಲೆಪ್ಪ ನಕ್ಕ. “ಹೊತ್ತು ಹುಟ್ಟಲಾರದ ಮಂಗಳವಾರ ಎಲ್ಲಿಂದ ಹುಟ್ಟತೈತ್ರಿ?”

ಆಮೇಲೆ, ಎ.ಎಂ. ಎನ್ನುವ ಮೊದಲು ಅಪ್ಪಾಸಾಬ ತಲೆ ಕೆರೆದುಕೊಂಡದ್ದು ನೆನಪಾಯಿತು. ನಗು ಬಾಯಲ್ಲೇ ಒಣಗಿತು.

ಹಲಗೆ ಎತ್ತಿಕೊಂಡು ದಂಡೆಗೆ ಓಡಿದ. ದೋಣಿ ಆಚೆ ನಡುಗಡ್ಡೆಯ ದಡದಲ್ಲಿತ್ತು. ನೀರಿನ ಬಣ್ಣ ಕೆಂಪಾಗಿತ್ತು, ಮೇಲೆ ನೊರೆ ತೇಲುತ್ತಿತ್ತು. ಕಪ್ಪೆಗಳು ಬಾಯಿ ಮುಚ್ಚಿಕೊಂಡಿದ್ದವು.

“ಇವತ್ತ ರಾತ್ರಿನ ಬರತೈತಿ! ಲಗೂನ ದಾಟ್ರಿ!”

ಆಚೆಯಿಂದ ಗಂಗಾರಾಮನ ನಗು ಕೇಳಿಸಿತು. “ಮುಂಜಾನಿ ನಾಳೆ ಅಂದಿ, ಸಂಜೀಕ ಇವತ್ತ ಅಂತಿ. ಕುಡದೀ ಏನಲೇ ಹುಲ್ಯಾ?”

ಹಿಂದೆಯೇ ತಂಗೆವ್ವನ ದನಿ: “ನಾಳೆ ಅಂತ ನೀವ ಸಾರೀರಿ. ಸುಮ್ನ ಮನಿಗೆ ಹೋಗಿ ಉಣ್ರಿ!”

ಇಷ್ಟು ವರ್ಷ ಕೂಡಿಟ್ಟ ನಂಬಿಕೆ ಈಗ ಅವನಿಗೇ ಅಡ್ಡ ನಿಂತಿತ್ತು. ಹುಲೆಪ್ಪ ಸಾರಿದ್ದನ್ನು ಅಳಿಸುವುದು ಹುಲೆಪ್ಪನಿಂದಲೂ ಆಗಲಿಲ್ಲ.

ಅವನ ಕೈಯಲ್ಲಿ ಇನ್ನೊಂದು ಬಡಿತವಿತ್ತು, ಸಾವಿನದು. ಅದಕ್ಕೆ ವಾರವಿಲ್ಲ, ಗಂಟೆಯಿಲ್ಲ. ಕೇಳಿದವರು ತುತ್ತು ಕೆಳಗಿಟ್ಟು ಬರಬೇಕು. ಯಾರೂ ಸಾಯದೆ ಅದನ್ನು ಬಾರಿಸಿದರೆ ಬಾರಿಸಿದವನ ಮನೆಯಿಂದಲೇ ಹೆಣ ಏಳುತ್ತದೆ ಎಂದು ಅಪ್ಪ ಹೆದರಿಸಿದ್ದ. ಹುಲೆಪ್ಪ ಕಣ್ಣು ಮುಚ್ಚಿ ಬಾರಿಸಿದ.

ಆಚೆ ನಗು ನಿಂತಿತು. ಕಂದೀಲುಗಳು ಒಂದೊಂದಾಗಿ ದಡಕ್ಕಿಳಿದವು. ಗಂಗಾರಾಮ ಮಕ್ಕಳು ಮರಿ ಸಮೇತ ಎಲ್ಲರನ್ನೂ ತುಂಬಿಕೊಂಡು ಹುಟ್ಟು ಹಾಕಿದ. ದೋಣಿ ಯಾವತ್ತಿನ ಜಾಗಕ್ಕಿಂತ ಬಹಳ ಕೆಳಗೆ, ಎಳೆದುಕೊಂಡು ಹೋದ ಹಾಗೆ ಬಂದು ಹತ್ತಿತು.

ತಂಗೆವ್ವ ಸೆರಗು ಬಾಯಿಗೊತ್ತಿಕೊಂಡು ಓಡಿಬಂದಳು. “ಯಾರ್ರೀ ಹೋದವರು? ಮಾರಿ ನೋಡಿ ತಿರುಗಿ ಹೋಗತೇನಿ, ಎಮ್ಮಿ ಒಂದ ಐತಿ.”

ಹುಲೆಪ್ಪ ಅವಳ ರಟ್ಟೆ ಹಿಡಿದವನು ಬಿಡಲಿಲ್ಲ.

ದೋಣಿ ಕಟ್ಟುವ ಕಲ್ಲು ಗಂಗಾರಾಮನಿಗೆ ಸಿಗಲಿಲ್ಲ. ಅದು ಆಗಲೇ ನೀರೊಳಗಿತ್ತು. ಆಚೆ ಕತ್ತಲೆಯಲ್ಲಿ ಎಮ್ಮೆ ಒದರತೊಡಗಿತು.