ಹಂಪಸಾಗರದಲ್ಲಿ ಇಲ್ಲದ ಗದ್ದುಗೆ

ಕೊಟ್ಟೂರಿನ ಬಟ್ಟೆ ಅಂಗಡಿ ಬೆನಕಪ್ಪನವರು ಸೀರೆ ತೋರಿಸುವಾಗಲೂ ಓದಿದವರಂತೆಯೇ ಕಾಣುತ್ತಾರೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಸೆರಗನ್ನು ಎರಡು ಬೆರಳಲ್ಲಿ ಹಿಡಿದು, ಪುಟ ತಿರುವಿದ ಹಾಗೆ ತಿರುವುತ್ತಾರೆ. ಗಿರಾಕಿ ಬಣ್ಣ ಇಷ್ಟವಾಗಲಿಲ್ಲ ಎಂದರೆ, ಪರೀಕ್ಷೆಯಲ್ಲಿ ತಪ್ಪು ಬರೆದ ಹುಡುಗನನ್ನು ನೋಡುವ ಹಾಗೆ ನೋಡುತ್ತಾರೆ.

ಗಲ್ಲಾದ ಹಿಂದೆ, ಮೊದಲು ಬ್ಲೌಸ್ ಪೀಸ್ ಇಡುತ್ತಿದ್ದ ಗೂಡಿನಲ್ಲಿ, ದಪ್ಪ ದಪ್ಪ ಇಂಗ್ಲಿಷ್ ಸಂಪುಟಗಳ ಸಾಲು ಇದೆ. ಸಾವಿರದ ಆರುನೂರು ವರ್ಷಗಳ ಹಿಂದೆ ಆಫ್ರಿಕಾದ ಸಮುದ್ರದಂಡೆಯ ಊರಲ್ಲಿ ಬಿಷಪ್ ಆಗಿದ್ದ, ಕ್ರೈಸ್ತರು ಸಂತರೆಂದು ಪೂಜಿಸುವ ಮಹಾಪಂಡಿತರೊಬ್ಬರ ಸಮಗ್ರ ಬರಹ ಅದು. ಹರಪನಹಳ್ಳಿಯಲ್ಲಿದ್ದ ವಯಸ್ಸಾದ ಪಾದ್ರಿಯೊಬ್ಬರು ಊರು ಬಿಡುವಾಗ, ಓದುವವರ ಹತ್ತಿರ ಇರಲಿ ಎಂದು ಕೊಟ್ಟು ಹೋದರು. ಪಾದ್ರಿಗಳು ಹೇಳಿದ್ದು ಸೌಜನ್ಯಕ್ಕೆ. ಬೆನಕಪ್ಪನವರು ಅದನ್ನು ಬಿರುದೆಂದು ಸ್ವೀಕರಿಸಿದರು.

ಆದರೆ ಒಂದು ಮಾತು ಒಪ್ಪಬೇಕು: ಅವರು ಸುಳ್ಳು ಸುಳ್ಳೇ ಓದುವವರಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅಂಗಡಿಗೆ ಬಂದು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಕೂತರೆ ಮೊದಲ ಗಿರಾಕಿ ಬರುವವರೆಗೆ ತಲೆ ಎತ್ತುವುದಿಲ್ಲ. ಅವರ ಹೆಂಡತಿ ಗಂಗಾಂಬಿಕಾ ಇದಕ್ಕೆ ಇಟ್ಟ ಹೆಸರೇ ಬೇರೆ. ಯಾರಾದರೂ ಮನೆಗೆ ಬಂದು ಸಾವ್ಕಾರ್ರು ಎಲ್ಲಿ ಎಂದು ಕೇಳಿದರೆ, "ಶಿವನ ಕೆಲಸ ಮುಗೀತು, ಈಗ ಪಾದ್ರಿ ಡ್ಯೂಟಿಗೆ ಹೋಗ್ಯಾರ" ಎನ್ನುತ್ತಾರೆ.

ಈ ವರ್ಷ ಶ್ರಾವಣದಲ್ಲಿ ಓಣಿಯ ಗುಡಿಯಲ್ಲಿ ಪುರಾಣ ಹಚ್ಚಿದ್ದರು. ದಿನಾ ಸಂಜೆ ಪುರಾಣ ಹೇಳುತ್ತಿದ್ದ ಪಾಲಯ್ಯನವರ ಗಂಟಲು ನಡುವೆ ಕೈಕೊಟ್ಟಿತು. ಗಂಟಲು ಸರಿಯಾಗುವವರೆಗೆ ಯಾರು ಎಂಬ ಪ್ರಶ್ನೆ ಬಂದಾಗ, ಬೆನಕಪ್ಪನವರು ಮೂರು ಸಲ ಬೇಡವೆಂದು ಹೇಳಿ, ನಾಲ್ಕನೆಯ ಸಲ ಯಾರೂ ಕೇಳದಿದ್ದಾರು ಎಂದು ಗಾಬರಿಯಾಗಿ ಒಪ್ಪಿಕೊಂಡರು.

ಮೊದಲ ಸಂಜೆ ಪುಸ್ತಕ ನೋಡಿ ಓದಿದರು. ಹೆಂಗಸರು ಆಕಳಿಸಿದರು. ಎರಡನೆಯ ಸಂಜೆ ಅವರ ಆಕಳಿಕೆ ನೋಡಲಾರದೆ ಕಥೆಯೊಂದನ್ನು ತೆಗೆದರು. ದಾರಿ ತಪ್ಪಿದ ಮಗ, ಅವನಿಗಾಗಿ ವರ್ಷಗಟ್ಟಲೆ ಅತ್ತ ತಾಯಿ. ಬಿಷಪ್ಪರ ತಾಯಿಯ ಕಥೆಯದು. 'ಆಫ್ರಿಕಾದಲ್ಲಿ ಒಬ್ಬಾಕೆ' ಎಂದೇ ಶುರುಮಾಡಬೇಕೆಂದಿದ್ದರಂತೆ. ಅಷ್ಟರಲ್ಲಿ ಹಾರ್ಮೋನಿಯಂನವನು ಶ್ರುತಿ ಹಿಡಿದ, ತಬಲಾ ಗುಮ್ಮೆಂದಿತು, ಬಾಯಿಂದ ಬಂದದ್ದು "ಒಬ್ಬಾಕಿ ಮಹಾಶರಣಿ ಇದ್ದಳು" ಎಂದು. ಅಲ್ಲಿಂದ ಮುಂದೆ ತಿರುಗುವ ಜಾಗವೇ ಇರಲಿಲ್ಲ. ಮಗನನ್ನು ಹುಡುಕುತ್ತ ಆಕೆ ಸಮುದ್ರ ದಾಟಿದ್ದು ಹರಿಗೋಲಲ್ಲಿ ಹೊಳೆ ದಾಟಿದಂತಾಯಿತು. ಹುಡುಗನಾಗಿದ್ದಾಗ ಮಗ ಕದ್ದ ಹಣ್ಣು ಪೇರಲ ಹಣ್ಣಾಯಿತು. ಕಡೆಗೆ ಮಗ ಬದಲಾದ ಎಂದಾಗ ಗುಡಿಯ ತುಂಬ ಹರಹರ ಮಹಾದೇವ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಬೆನಕಪ್ಪನವರೂ ಒರೆಸಿಕೊಂಡರು, ತಮ್ಮ ಮಾತಿಗೇ ಒರೆಸಿಕೊಂಡರು ಎಂಬುದು ಬೇರೆ ವಿಷಯ.

ಪುರಾಣ ಮುಗಿದ ಮೇಲೆ ಹೇಳಿದವರ ಕಾಲಿಗೆ ನಮಸ್ಕಾರ ಮಾಡುವುದು ರೂಢಿ. ಸಾಲಿನಲ್ಲಿ ಕೊನೆಗೆ ಬಂದವರು ಖಡಕ್ ರೊಟ್ಟಿ ಮಾಡಿ ಮಾರುವ ಅನ್ನದಾನಮ್ಮ. ಟೆಂಪೋ ಓಡಿಸುವ ಮಗ ಹಂಪೇಶ್ ಕ್ರಿಕೆಟ್ ಬೆಟ್ಟಿಂಗಿಗೆ ಬಿದ್ದು, ತಾಯಿ ಬೈದಳೆಂದು ಜಗಳ ತೆಗೆದು, ಹಗರಿಬೊಮ್ಮನಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದ. ಮಾತು ಬಿಟ್ಟು ವರ್ಷದ ಮೇಲಾಗಿತ್ತು.

"ಅಣ್ಣಾರ, ಆ ಶರಣಿ ಗದ್ದಿಗಿ ಎಲ್ಲಿ ಐತ್ರಿ?"

ಸುತ್ತ ಹತ್ತು ಜನ. ಗೊತ್ತಿಲ್ಲ ಎಂಬ ಮಾತು ಬೆನಕಪ್ಪನವರ ನಾಲಿಗೆಗೆ ಅಭ್ಯಾಸವಿಲ್ಲ.

"ಹಂಪಸಾಗರದ ಕಡೀಗೆ, ಹೊಳಿ ದಂಡಿ ಮ್ಯಾಲ ಅಂತಾರವ್ವ" ಎಂದರು.

ಆ ರಾತ್ರಿ ಊಟಕ್ಕೆ ಬಡಿಸುತ್ತ ಗಂಗಾಂಬಿಕಾ ಕೇಳಿದರು.

"ಆ ಶರಣಿ ಪಾದ್ರಿ ಪುಸ್ತಕದಾಕಿ ಹೌದಲ್ರಿ?"

"ತಾಯಿ ಕರುಳು ಎಲ್ಲಾ ಕಡಿ ಒಂದಽ. ಹೆಸರಿನಾಗ ಏನೈತಿ?"

"ಹೆಸರಿನಾಗ ಏನಿಲ್ಲ ಬಿಡ್ರಿ. ಹಂಪಸಾಗರದಾಗ ಏನೈತಿ ಅಂತ ಕೇಳಿದ್ನಿ."

ಬೆನಕಪ್ಪನವರು ಮಜ್ಜಿಗೆ ಬೇಡವೆಂದು ಎದ್ದರು.

ಮುಂದಿನ ಸೋಮವಾರ ಅಂಗಡಿ ತೆರೆದು ಸಂಪುಟ ಬಿಚ್ಚಿದ್ದರಷ್ಟೆ, ಗಂಗಾಂಬಿಕಾ ಮನೆಯಿಂದ ನಡೆದೇ ಬಂದರು. ಅವರು ಅಂಗಡಿಗೆ ಬರುವುದು ದೀಪಾವಳಿಗೆ ಮಾತ್ರ.

"ಅನ್ನದಾನಕ್ಕ ನಿನ್ನಿ ರಾತ್ರೀನಽ ಹಂಪಸಾಗರಕ್ಕ ಹೊಂಟಾಳಂತ. ಪಾದಯಾತ್ರಿ. ಮಗ ತಿರುಗಿ ಬರಲಿ ಅಂತ ಹರಕಿ ಹೊತ್ತಾಳಂತ, ಬರಿಗಾಲೀಲೆ."

"ಬಸ್ಸಿಗೆ ಹೋಗಬಾರದಾ ಆಕಿ?"

"ನಿಮ್ಮ ಶರಣಿ ಬಸ್ಸಿಗೆ ಹೋಗಿದ್ಲೇನು? ಆಕೀಗೆ ಶುಗರ್ ಐತಿ ಅಂತ ಗೊತ್ತಿಲ್ಲೇನು ನಿಮಗ? ಹೋದ ವರ್ಷ ಹೆಬ್ಬೆಟ್ಟಿನ ಗಾಯ ಮಾಯಲಿಕ್ಕೆ ಎಷ್ಟು ದಿನ ಹಿಡೀತು."

ಬೆನಕಪ್ಪನವರಿಗೆ ಗೊತ್ತಿತ್ತು. ಆ ಕಾಲಿಗೆ ಸುತ್ತಲು ಮೆತ್ತನೆಯ ಮಲ್ಲು ಬಟ್ಟೆ ಹರಿದುಕೊಟ್ಟದ್ದು ಅವರದೇ ಅಂಗಡಿ.

ಸ್ಕೂಟರ್ ಹೊರಟಿತು. ದಾರಿಯುದ್ದಕ್ಕೂ ಅವರು ಏನು ಹೇಳಬೇಕೆಂದು ಸಿದ್ಧಮಾಡುತ್ತ ಹೋದರಂತೆ. ಬಿಷಪ್ಪರು ತಮ್ಮ ತಪ್ಪುಗಳ ಮೇಲೆ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಅದನ್ನು ಎರಡು ಸಲ ಓದಿದ ಮನುಷ್ಯನಿಗೆ ತನ್ನ ಒಂದೇ ಒಂದು ತಪ್ಪಿಗೆ ಎರಡು ವಾಕ್ಯ ಹೊಂದಿಸಲಾಗಲಿಲ್ಲ. ರಸ್ತೆಯಲ್ಲಿ ಕಂಡ ಜಲ್ಲಿಯ ಚೂರೆಲ್ಲ ಆ ಬರಿಗಾಲಿನ ಲೆಕ್ಕಕ್ಕೆ ಬರುತ್ತಿತ್ತು. ಹಗರಿಬೊಮ್ಮನಹಳ್ಳಿ ಬಂತು, ಆಕೆ ಸಿಗಲಿಲ್ಲ. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ, ರಸ್ತೆ ಬದಿಯ ಚಹಾದ ಗುಡಿಸಲಲ್ಲಿ ಅನ್ನದಾನಮ್ಮ ಬೆಂಚಿನ ಮೇಲೆ ಕೂತಿದ್ದರು. ಪಾದದಡಿಯಲ್ಲಿ ಬೊಬ್ಬೆ ಎದ್ದು ಒಂದು ಒಡೆದಿತ್ತು. ಚಹಾ ಮಾಡುವ ಭರಮಮ್ಮ ಅರಿಶಿನ ಹಚ್ಚುತ್ತಿದ್ದಳು.

"ಇವರಽ ನೋಡವ್ವ ನಾ ಹೇಳಿದ್ದು, ಶರಣಿ ಕಥಿ ಹೇಳಿದವರು" ಎಂದರು ಅನ್ನದಾನಮ್ಮ.

ಭರಮಮ್ಮ ಅರಿಶಿನದ ಕೈಯಲ್ಲೇ ಮುಗಿದಳು. "ಚಲೋ ಆತು ಬಂದ್ರಿ. ಈ ಅಕ್ಕ ಹೇಳಿದಾಗಿಂದ ನನಗೂ ಮನಸಾಗೇತಿ. ನನ್ನ ತಮ್ಮಾನೂ ದಾರಿ ಬಿಟ್ಟಾನ್ರಿ, ಕುಡೀತಾನ. ಬರೋ ಸೋಮಾರ ನಮ್ಮ ಊರಾಗಿಂದ ನಾಕೈದು ಮಂದಿ ಹೊಂಡತೀವಿ. ಗದ್ದಿಗಿ ಹೊಳಿ ಈ ದಂಡಿಗೋ, ಆ ದಂಡಿಗೋ?"

ಬೆನಕಪ್ಪನವರು ಸ್ಕೂಟರಿನ ಸ್ಟ್ಯಾಂಡ್ ಹಾಕುವುದನ್ನೇ ಮರೆತರು. ಸ್ಕೂಟರ್ ವಾಲಿ ಬಿತ್ತು. ಎತ್ತಲು ಹೋಗಲಿಲ್ಲ.

"ಯಾವ ದಂಡಿಗೂ ಇಲ್ಲವ್ವ. ಗದ್ದಿಗಿನಽ ಇಲ್ಲ" ಎಂದರು.

ಸಿದ್ಧಮಾಡಿಕೊಂಡ ಮಾತೆಲ್ಲ ಬಿಟ್ಟು ಉಳಿದದ್ದನ್ನು ಹೇಳಿದರು. ಆಕೆ ಶರಣೆ ಅಲ್ಲ, ಕ್ರಿಶ್ಚಿಯನ್ನರ ಪೈಕಿ, ದೂರದ ದೇಶದಾಕೆ, ಹೊಳೆಯಲ್ಲ ಸಮುದ್ರ. ಹಂಪಸಾಗರ ಎಂದದ್ದು ಬಾಯಿಗೆ ಬಂದದ್ದು.

ಕುದಿಯುವ ಚಹಾ ಉಕ್ಕಿ ಒಲೆಗೆ ಬಿದ್ದಾಗ ಭರಮಮ್ಮ ಎದ್ದು ಹೋದಳು.

"ಕ್ರಿಶ್ಚನ್ರಾಕಿ ಅಂದಿದ್ರ ನಾ ಏನು ಕೇಳತಿದ್ದಿಲ್ಲೇನು ಕಥಿ? ತಾಯಿ ಹೌದಲ್ರಿ ಆಕಿ?" ಎಂದರು ಅನ್ನದಾನಮ್ಮ. "ಮಂದಿ ಮುಂದ ನಿಮಗ ಗೊತ್ತಿಲ್ಲ ಅನ್ನಾಕ ಆಗಲಿಲ್ಲ. ಅದಕ್ಕ ನನ್ನ ನಡಸಿದ್ರಿ."

"ತಪ್ಪಾತವ್ವ."

"ಆಕೀ ಮಗ ಬದಲಾಗಿದ್ದಾದ್ರೂ ಖರೇನೋ, ಅದೂ ಬಾಯಿಗೆ ಬಂದದ್ದೋ?"

"ಅದು ಖರೆ ಐತಿ. ಪುಸ್ತಕದಾಗ ಅವನಽ ಬರದಾನ."

"ಆಕಿ ಮಗ ಇದ್ದ ಊರಿಗೇ ಹೋದ್ಲು ಅಂದಿದ್ರಿ. ಅದು?"

"ಅದೂ ಖರೆ. ಬೆನ್ನು ಹತ್ತಿ ಹೋದ್ಲು."

ಅನ್ನದಾನಮ್ಮ ತಮ್ಮ ಕಾಲು ನೋಡಿಕೊಂಡರು. "ಈಗ ನನ್ನ ಮಗನ ರೂಮಿನ ಮುಂದಽ ಹಾದು ಬಂದೆ. ಬಾಗಿಲು ತಗದಿತ್ತು. ಶರಣಿ ಮುಂದ ಮೊದಲ ಹೋಗಿ ಬರೋಣು, ಆಮ್ಯಾಲೆ ನೋಡೋಣು ಅಂತ ತಲಿ ತಗ್ಗಿಸಿ ಬಂದುಬಿಟ್ಟೆ."

ಬೆನಕಪ್ಪನವರು ಸ್ಕೂಟರ್ ಎತ್ತಿ ತಂದು ನಿಲ್ಲಿಸಿದರು. ಹರಕೆ ಹೊತ್ತವರು ಹತ್ತುವರೋ ಇಲ್ಲವೋ ಎಂದು ಕೇಳುವ ಧೈರ್ಯವಾಗಲಿಲ್ಲ. ಆಕೆ ತಾವೇ ಬಂದು ಒಂದು ಬದಿಗೆ ಕಾಲು ಬಿಟ್ಟು ಕೂತರು.

"ಗದ್ದಿಗಿನಽ ಇಲ್ಲಂದ ಮ್ಯಾಲೆ ನಡದು ಯಾರಿಗೆ ತೋರಸ್ಲಿ" ಎಂದರು.

ಹಿಂದೆ ಕೂತವರು ಬೈದಿದ್ದರೆ ದಾರಿ ಹಗುರವಾಗುತ್ತಿತ್ತು. ಆಕೆ ಬೈಯಲಿಲ್ಲ. ರೂಮು ಎಲ್ಲಿ ಎಂದು ಕೇಳಿದಾಗ ಮಾತ್ರ, ಪೆಟ್ರೋಲ್ ಬಂಕಿನ ಹಿಂದೆ ಎಂದರು.

ಹಂಪೇಶ್ ಬನಿಯನ್ನಿನಲ್ಲಿ ಟೆಂಪೋ ತೊಳೆಯುತ್ತಿದ್ದ. ತಾಯಿಯನ್ನು ನೋಡಿ ಮುಖ ತಿರುಗಿಸುವ ಹೊತ್ತಿಗೆ ಕಣ್ಣು ಆಕೆಯ ಕಾಲಿನ ಮೇಲೆ ಬಿತ್ತು.

"ಇದೇನಿದು? ಕೊಟ್ಟೂರಿಂದ ನಡಕೋತ ಬಂದಿಯೇನಬೇ? ಶುಗರ್ ಇಟ್ಕೊಂಡು? ಯಾವ ಮುಠ್ಠಾಳ ಹೇಳಿದ್ದು ನಿನಗ ನಡಿ ಅಂತ?"

ಅನ್ನದಾನಮ್ಮ ಸೀರೆಯ ಅಂಚನ್ನು ಕಾಲಿನ ಮೇಲೆ ಎಳೆದುಕೊಂಡರು. ಬೆನಕಪ್ಪನವರ ಕಡೆಗೆ ನೋಡಲಿಲ್ಲ. ಬೇಕಾದರೆ ಅವರು ಹಾಗೇ ಸ್ಕೂಟರ್ ತಿರುಗಿಸಿಕೊಂಡು ಹೋಗಬಹುದಿತ್ತು.

"ನಾನಪ್ಪ" ಎಂದರು ಬೆನಕಪ್ಪನವರು.

ಹಂಪೇಶ್ ಅವರನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಬಕೆಟ್ಟಿನ ಕೊಳಕು ನೀರು ಚೆಲ್ಲಿ, ಹೊಸ ನೀರು ತುಂಬಿಸಿ, ತಾಯಿಯನ್ನು ಹೊಸ್ತಿಲ ಮೇಲೆ ಕೂರಿಸಿ ಕಾಲು ತೊಳೆಯತೊಡಗಿದ. ಬೆನಕಪ್ಪನವರಿಗೆ ಕೂಡ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ಅವರು ಚಪ್ಪಲಿ ಕಳಚಿ ಅಂಗಳದಲ್ಲಿ ನಿಂತೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ ಹಂಪೇಶ್ ತಲೆ ಎತ್ತದೆ ಹೇಳಿದ:

"ನಿಂತು ಏನು ನೋಡ್ತೀರಿ? ಬಂಕಿನ ಬಾಜೂಕ ಮೆಡಿಕಲ್ ಐತಿ, ಮುಲಾಮು ತರ್ರಿ."

ಬೆನಕಪ್ಪನವರು ಚಪ್ಪಲಿ ಮೆಟ್ಟಲೂ ಮರೆತು ಓಡಿದರು.