ಬಣ್ಣ ತೊಳೆಯುವ ಮೊದಲು

ಬರೆಯುವ ಹೆಂಗಸರು ಸಿಕ್ಕರೆ ಜನ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ‘ಮನೆ, ಬರವಣಿಗೆ, ರಾಜಕೀಯ, ಈ ಮೂರನ್ನೂ ಹೇಗೆ ಸರಿದೂಗಿಸಿದಿರಿ?’ ಸರಿದೂಗಿಸಿದ್ದು ಯಾರು ಮಾರಾಯ್ರೇ? ಒಂದನ್ನು ಎತ್ತಿಕೊಂಡರೆ ಇನ್ನೊಂದು ಕೆಳಗೆ ಬಿದ್ದು ಅಳುತ್ತಿತ್ತು. ಒಂದೇ ಒಂದು ಮಧ್ಯಾಹ್ನ ಮಾತ್ರ ಮೂರೂ ಒಟ್ಟಿಗೆ ನನ್ನ ಕೈಯಲ್ಲಿದ್ದವು. ಆ ಮಧ್ಯಾಹ್ನದ ಕತೆ ಹೇಳಿದರೆ ಪ್ರಶ್ನೆ ಕೇಳಿದವರಿಗೆ ಉತ್ತರ ಸಿಕ್ಕಬಹುದು.

ನನ್ನ ತವರು ಸೊರಬದ ಕಡೆ, ಕುಬಟೂರಿಗೆ ಹತ್ತಿರ. ಕೊಟ್ಟಿದ್ದು ಶಿಕಾರಿಪುರ ತಾಲೂಕಿನ ಒಂದು ಊರಿಗೆ, ಅಂಜನಾಪುರದ ಕಾಲುವೆ ನೀರು ಹರಿಯುವ ಕಡೆಗೆ. ಗಂಡನಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿ. ಬೆಳಗ್ಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮನೆಯಲ್ಲಿ ಮಾವ, ಅತ್ತೆ, ನಾನು, ನನ್ನ ಸಣ್ಣ ಮಗಳು. ಬರೆಯುವ ಚಟ ನನಗೆ ತವರಿನಿಂದಲೇ ಅಂಟಿ ಬಂದದ್ದು. ಅಕ್ಕಿ ಆರಿಸುವ ಮೊರವನ್ನು ಬೋರಲು ಹಾಕಿ ಅದರ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೆ. ಬೇರೆ ಮನೆಯಾಗಿದ್ದರೆ ಹಾಳೆ ಒಲೆ ಸೇರುತ್ತಿತ್ತೋ ಏನೋ. ನಮ್ಮ ಮಾವ ಮಾತ್ರ ಬಂದವರಿಗೆಲ್ಲ, “ನಮ್ಮ ಸೊಸಿ ಬರೀತಾಳ್ರೀ, ಸುಮ್ನೆ ಅಲ್ಲ,” ಎಂದು ನನ್ನ ಕೈಲೇ ಚಹಾ ಮಾಡಿಸಿ ಕೊಡುತ್ತಿದ್ದರು.

ಯಾಕೆಂದರೆ ಮಾವನಿಗೆ ನಾಟಕದ ಹುಚ್ಚು. ಪ್ರಾಯದಲ್ಲಿ ಅವರು ರಾಜನ ಪಾತ್ರ ಮಾಡುತ್ತಾರೆಂದರೆ ತೊಗರ್ಸಿ ಕಡೆಯಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ದನಿ ಅಂದರೆ ದನಿ! ಆದರೆ ಮಾತು ಒಂದೂ ಬಾಯಿಪಾಠ ಇಲ್ಲ. ಪರದೆಯ ಹಿಂದೆ ನಿಂತವರು ಹೇಳಿಕೊಡಬೇಕು, ಇವರು ಅತ್ತ ಕಿವಿ ವಾಲಿಸಿ ಕೇಳಿಸಿಕೊಂಡು ಅದನ್ನೇ ಹತ್ತು ಪಟ್ಟು ಮಾಡಿ ಗರ್ಜಿಸಬೇಕು. ಒಂದು ಸಲ ಹೇಳಿಕೊಡುವವನ ಕಾಲ ಬುಡಕ್ಕೆ ಚೇಳು ಬಂದು, ಅವನು “ಅಯ್ಯೋ ಚೇಳು!” ಎಂದನಂತೆ. ಮಾವ ಕತ್ತಿ ಎತ್ತಿ, “ಅಯ್ಯೋ ಚೇಳು! ಎಲೈ ಮಂತ್ರಿ, ಚೇಳು!” ಎಂದು ಆರ್ಭಟಿಸಿದರಂತೆ. ಜನ ಚಪ್ಪಾಳೆ ತಟ್ಟಿದರಂತೆ. ಇದನ್ನು ಹೇಳುವಾಗಲೆಲ್ಲ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಹೊಸ ಪಂಚಾಯಿತಿ ಕಾನೂನು ಬಂದು ನಮ್ಮ ಸೀಟು ಹೆಂಗಸರಿಗೆ ಮೀಸಲಾದಾಗ ನನ್ನನ್ನು ನಿಲ್ಲಿಸಿದ್ದೂ ಮಾವನೇ. ಸೊಸೆ ಸಹಿ ಹಾಕಲಿ, ಕೆಲಸ ನಾನು ನೋಡಿಕೊಳ್ಳುತ್ತೇನೆ ಎಂಬ ಲೆಕ್ಕ. ಗೆದ್ದ ಮೇಲೆ ಮೊದಲ ಸಭೆಗೆ ನನಗಿಂತ ಮುಂಚೆ ಹೋಗಿ ನನ್ನ ಕುರ್ಚಿಯಲ್ಲಿ ಅವರೇ ಕೂತಿದ್ದರು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಕೊನೆಗೆ ಅವರಿಗೇ ನಾಚಿಕೆಯಾಗಿ ಎದ್ದು ಜಗಲಿಗೆ ಹೋಗಿ ಕೂತರು. ಅಲ್ಲಿಂದ ಮುಂದೆ ಕುರ್ಚಿ ನನ್ನದಾಯಿತು, ಮಗಳು ಅತ್ತೆಯ ಸೊಂಟಕ್ಕೆ ಹೋದಳು. “ಹೋಗ್ಬಾ, ಇದೇನು ಅಳಲ್ಲ,” ಎನ್ನುತ್ತಿದ್ದರು ಅತ್ತೆ. ಅದು ಅಳುವುದು ಪಂಚಾಯಿತಿ ಕಟ್ಟಡದವರೆಗೂ ಕೇಳುತ್ತಿತ್ತು.

ನನಗೆ ಓಟು ಹಾಕಿದವರಲ್ಲಿ ಅರ್ಧ ಜನ ಕೆಳಕೇರಿಯವರು. ಅವರ ಗದ್ದೆಗಳಿರುವುದು ಕಾಲುವೆಯ ಕೊನೆಗೆ. ನೀರಿಗೆ ಪಾಳಿ ಇತ್ತು, ಇಂತಿಂಥ ದಿನ ಇಂತಿಂಥವರಿಗೆ ಎಂದು. ಆದರೆ ಕೆಳಕೇರಿಯ ಪಾಳಿಯ ದಿನ ಮೇಲಿನ ಗದ್ದೆಯ ತಲೆಯಲ್ಲಿ ಯಾರೋ ಕಾಲುವೆಗೆ ಹಲಗೆ ಅಡ್ಡ ಇಟ್ಟು, ಹುಲ್ಲಿನ ಪಿಂಡಿ ತುರುಕಿ, ಮೇಲೆ ಮಣ್ಣು ಎಳೆದಿರುತ್ತಿದ್ದರು. ಯಾರೋ ಏನು ಬಂತು, ಆ ಗದ್ದೆ ನಮ್ಮ ಮಾವನದು! ಊರಿಗೆಲ್ಲ ಗೊತ್ತು. ಸಭೆಯಲ್ಲಿ ಮಾತು ಬಂದಾಗಲೆಲ್ಲ ಉಳಿದ ಸದಸ್ಯರು ನನ್ನ ಮುಖ ನೋಡಿ, “ಕಾಲುವೆ ನೀರು ಪಂಚಾಯ್ತಿಗೆ ಬರಾದಿಲ್ರೀ, ಗದ್ದೆಯವರು ಅವರವರೇ ಹೊಂದ್ಕಬೇಕು,” ಎಂದು ಮುಂದಿನ ವಿಷಯಕ್ಕೆ ಹೋಗುತ್ತಿದ್ದರು.

ಮನೆಯಲ್ಲಿ ಒಂದೆರಡು ಸಲ ಬಾಯಿ ಬಿಟ್ಟು ನೋಡಿದೆ. “ಈ ಕಾಲುವೆ ತೋಡುವಾಗ ನಮ್ಮಪ್ಪನ ಹೊಲದ ನಡುವೇನೇ ಹೋತವ್ವಾ. ಅವತ್ತು ಕೆಳಕೇರಿಯವರು ಯಾರೂ ಅತ್ತಿಲ್ಲ,” ಎಂದು ಮಾವ ಮಜ್ಜಿಗೆ ಸುರಿದುಕೊಂಡರು. ಅಲ್ಲಿಗೆ ಮಾತು ಮುಗಿಯಿತು. ಗಂಡನಿಗೆ ಹೇಳಿದರೆ, “ನನ್ನನ್ನ ಮಧ್ಯಕ್ಕೆ ಎಳೀಬ್ಯಾಡ,” ಎಂದು ಮಗ್ಗುಲು ಬದಲಿಸಿದರು. ನನಗೆ ಮಾವನೆಂದರೆ ಪ್ರೀತಿ. ಬರೆಯಲು ಬಿಟ್ಟವರು, ಹೊಸಿಲು ದಾಟಲು ಬಿಟ್ಟವರು ಅವರು. ಅವರು ಒಂದು ದಿನ ಬೇಡ ಎಂದರೆ ನನ್ನ ಕುರ್ಚಿಯೂ ಇಲ್ಲ, ಹಾಳೆಯೂ ಇಲ್ಲ. ಅದು ಗೊತ್ತಿದ್ದೇ ನಾನು ಸುಮ್ಮನಿದ್ದೆ.

ಬಾಯಲ್ಲಿ ಹೇಳಲಾಗದ್ದನ್ನು ನಾಟಕ ಮಾಡಿದೆ. ಆಗ ಊರಲ್ಲಿ ಅಕ್ಷರ ಕಲಿಸುವ ತರಗತಿ ನಡೆಯುತ್ತಿತ್ತು, ಹೆಂಗಸರಿಗೆ ನಾನೇ ಕಲಿಸುತ್ತಿದ್ದೆ. ತರಗತಿ ಮುಗಿಯುವ ದಿನ ಒಂದು ಆಟ ಆಡೋಣ ಎಂದು ಎಲ್ಲರೂ ಗಂಟುಬಿದ್ದಿದ್ದರು. ನೀರು ತಡೆಯುವ ಒಬ್ಬ ಗೌಡ, ನೀರು ಕೇಳುವ ಒಬ್ಬ ಹೆಂಗಸು, ಕೊನೆಗೆ ಎಲ್ಲರೂ ಸೇರಿ ಹೇಳುವ ಒಂದು ಹಾಡು. ದೀಪಾವಳಿಗೆ ಸೊರಬಕ್ಕೆ ಹೋದಾಗ ಅವ್ವನಿಗೆ ಓದಿ ತೋರಿಸಿದೆ. ಅವ್ವ ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, “ಚೆನಾಗದೆ. ಇನ್ನು ಹರ್ದು ಹಾಕು ಮಾರಾಯ್ತಿ. ನೀ ಆ ಮನೇಲಿ ಬಾಳ್ವೆ ಮಾಡ್ಬೇಕಾದವಳು,” ಎಂದಳು. ನಾನು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು ಶಿಕಾರಿಪುರದ ಬಸ್ಸು ಹತ್ತಿದೆ.

ನೀರು ಕೇಳುವ ಹೆಂಗಸಿನ ಪಾತ್ರಕ್ಕೆ ತರಗತಿಯಲ್ಲಿದ್ದ ಕೆಳಕೇರಿಯ ಅಕ್ಕ ಒಪ್ಪಿದಳು. ನನಗಿಂತ ಹಿರಿಯಳು, ಮುಕ್ಕಾಲು ಎಕರೆ ಗದ್ದೆಯವಳು. ಗೌಡನ ಪಾತ್ರಕ್ಕೆ ಕಿರಾಣಿ ಅಂಗಡಿಯವರನ್ನು ಹಿಡಿದೆವು. ಪಾಪ, ಅವರ ಬಾಯಲ್ಲಿ ಗೌಡನ ಬೈಗುಳವೂ ‘ಇನ್ನೇನು ಬೇಕ್ರೀ’ ಎಂದು ಗಿರಾಕಿಯನ್ನು ಕೇಳಿದ ಹಾಗೆ ಬರುತ್ತಿತ್ತು. ಮೂರನೆಯ ದಿನದ ತಾಲೀಮಿಗೆ ಮಾವ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಸುಮ್ಮನೆ ನೋಡಲು ಬಂದರು. ಹತ್ತು ನಿಮಿಷ ತಡೆದುಕೊಂಡರು. ಆಮೇಲೆ ಎದ್ದು, “ಏ, ಸರಿಯಪ್ಪಾ ಆಚೀಗೆ! ಇಂಥಾ ಪಾತ್ರನ ಹಿಂಗ ಕೆಡಸ್ತಾರೇನು?” ಎಂದು ತಾವೇ ನಿಂತುಬಿಟ್ಟರು.

ಗೌಡನ ಮಾತೆಲ್ಲ ನಾನು ಕದ್ದದ್ದು ಅವರ ಬಾಯಿಂದಲೇ. ಮಜ್ಜಿಗೆ ಸುರಿದುಕೊಳ್ಳುವ ರೀತಿಯನ್ನೂ ಬಿಟ್ಟಿರಲಿಲ್ಲ. ಅವರಿಗೆ ತಿಳಿಯಿತೋ ಇಲ್ಲವೋ, ದೇವರೇ ಬಲ್ಲ. ಅಂಥ ಒಳ್ಳೆಯ ಪಾತ್ರ ಸಿಕ್ಕ ಖುಷಿಯಲ್ಲಿ ಅವರಿಗೆ ಬೇರೇನೂ ಕಾಣುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತರೆ, “ಇವಂಗೆ ಇನ್ನೆರಡು ಮಾತು ಜಾಸ್ತಿ ಬರೆಯವ್ವಾ,” ಎಂಬ ಒತ್ತಾಯ. ನಾನೂ ಬರೆದೆ. ಗೌಡ ದಿನದಿನಕ್ಕೆ ಬೆಳೆದ. ತಾಲೀಮು ನೋಡಲು ಬಂದವರೆಲ್ಲ ಅವನ ಮಾತಿಗೇ ನಗುವುದು, ಅವನಿಗೇ ಚಪ್ಪಾಳೆ! ಕೆಳಕೇರಿಯ ಅಕ್ಕ ಮಾತ್ರ ಒಂದು ಸಂಜೆ ನನ್ನನ್ನು ಬದಿಗೆ ಕರೆದು, “ನಾಟ್ಕ ಚಲೋ ಐತಿ ಮೆಂಬರಮ್ಮಾ. ನೀರು?” ಎಂದಳು. ಭತ್ತ ಹೊಡೆ ಒಡೆಯುವ ಹೊತ್ತು, ತೆನೆ ಹೊರಗೆ ಬರಬೇಕು. ಮಳೆ ಹೋಗಿಯಾಗಿತ್ತು. ಈ ಪಾಳಿಯ ನೀರೂ ತಪ್ಪಿದರೆ ತೆನೆಯೆಲ್ಲ ಜೊಳ್ಳು, ವರ್ಷದ ಅನ್ನ ಹೋದಂತೆ.

ನಾಟಕದ ದಿನ ಕರೆಂಟಿನ ಉಸಾಬರಿಯೇ ಬೇಡವೆಂದು ಮಧ್ಯಾಹ್ನವೇ ಇಟ್ಟುಕೊಂಡೆವು. ಶಾಲೆಯ ಜಗಲಿಯೇ ರಂಗ. ನಮ್ಮ ಮನೆಯ ಎರಡು ಜಮಖಾನ ಸೇರಿಸಿ ಹೊಲಿದದ್ದೇ ಪರದೆ. ಅದು ಕೆಳಕೇರಿಯ ಪಾಳಿಯ ದಿನವೂ ಹೌದು. ಬೆಳಗ್ಗೆಯಿಂದ ಅವರ ಕಾಲುವೆಗೆ ಒಂದು ಹನಿ ಬಂದಿರಲಿಲ್ಲ. ಮಾವ ಮಾತ್ರ ಮುಖಕ್ಕೆ ಬಣ್ಣ ಬಳಿಸಿಕೊಂಡು, ಬಿಳಿ ಮೀಸೆಗೆ ಕಪ್ಪು ಹಚ್ಚಿಸಿಕೊಂಡು, ಬಾಡಿಗೆಗೆ ತಂದ ಜರಿಯ ಕೋಟು ತೊಟ್ಟು ಮದುಮಗನಂತೆ ಓಡಾಡುತ್ತಿದ್ದರು. ಅತ್ತೆ ಬಂದವರೇ ಮಗಳನ್ನು ನನ್ನ ಸೊಂಟಕ್ಕೆ ಏರಿಸಿ, “ಇವತ್ತು ನಿನ್ನ ಮಗೀನ ನೀನೇ ಹಿಡ್ಕ. ನಾ ಮುಂದೆ ಕುಂತು ನೋಡಾಕಿ,” ಎಂದು ಹೊರಟೇಹೋದರು. ಮದುವೆಯಾದಾಗಿನಿಂದ ಗಂಡನ ಪಾತ್ರದ ಸುದ್ದಿ ಕೇಳಿದ್ದರೇ ಹೊರತು ಒಂದನ್ನೂ ಕಣ್ಣಿಂದ ನೋಡಿರಲಿಲ್ಲವಂತೆ. ಹೀಗೆ ಮಗು ಸೊಂಟದ ಮೇಲೆ, ನಾಟಕದ ಹಾಳೆ ಕೈಯಲ್ಲಿ, ನನಗೆ ಓಟು ಹಾಕಿದವರೆಲ್ಲ ಪರದೆಯ ಆಚೆ. ನಾನು ಜಮಖಾನದ ಹಿಂದೆ ನಿಂತು ಮಾವನಿಗೆ ಮಾತು ಹೇಳಿಕೊಡತೊಡಗಿದೆ.

ಮುಕ್ಕಾಲು ನಾಟಕ ಚೆನ್ನಾಗಿಯೇ ನಡೆಯಿತು. ನಾನು ಪಿಸುಗುಟ್ಟಿದ್ದು ಮಾವನ ಬಾಯಲ್ಲಿ ಗುಡುಗಾಗಿ ಬರುತ್ತಿತ್ತು. ಗೌಡನ ಮನೆ ಬಾಗಿಲಿಗೆ ಹೆಂಗಸು ಬರುವ ದೃಶ್ಯ ಬಂತು. ಅಕ್ಕ ಬಂದು ನಿಂತಳು. ನಾನು ಬರೆದ ಮಾತಿನಲ್ಲಿ ಪ್ರಾಸವಿತ್ತು, ಕಣ್ಣೀರಿತ್ತು. ಅವಳು ಅದರಲ್ಲಿ ಒಂದನ್ನೂ ಹೇಳಲಿಲ್ಲ. ಮಾತು ಮರೆತಳೆಂದು ನಾನು ಹಾಳೆಯಲ್ಲಿ ಅವಳ ಸಾಲು ಹುಡುಕುತ್ತಿದ್ದೆ.

“ಗೌಡ್ರೇ,” ಎಂದಳು ಅಕ್ಕ. “ನಾಟ್ಕದ ಮಾತು ನಂಗ್ ಬ್ಯಾಡ. ನಿಮ್ಮ ಗದ್ದೆ ತಲೆಯಾಗ ಇವತ್ತೂ ಹಲಗೆ ಐತಿ. ಬರೋ ದಾರ್ಯಾಗ ನೋಡೇ ಬಂದೀನಿ. ನಂದು ಹೊಡೆ ಒಡ್ಯಾಕತ್ತೈತಿ. ಇವತ್ತು ನೀರು ಬಿಟ್ರೆ ನಾವು ಉಣ್ತೀವಿ. ಬಿಡ್ತೀರೋ, ಇಲ್ಲೋ?”

ಮುಂದೆ ಕೂತ ಅತ್ತೆಯ ಮುಖ ಪರದೆಯ ಸಂದಿಯಲ್ಲಿ ನನಗೆ ಕಾಣುತ್ತಿತ್ತು. ಅವರು ಗಂಡನನ್ನು ನೋಡುತ್ತಿರಲಿಲ್ಲ, ಜಮಖಾನವನ್ನೇ ನೋಡುತ್ತಿದ್ದರು. ಮಾವ ಒಂದು ಕ್ಷಣ ಕಕ್ಕಾಬಿಕ್ಕಿಯಾದರು. ಆಮೇಲೆ ಜೀವಮಾನದ ಅಭ್ಯಾಸ ನೋಡಿ, ಮೆಲ್ಲಗೆ ತಲೆ ವಾಲಿಸಿ ಪರದೆಯತ್ತ ಕಿವಿ ಕೊಟ್ಟು, ತುಟಿ ಅಲುಗಿಸದೆ, “ಹೂಂ, ಹೇಳವ್ವಾ,” ಎಂದರು.

ಹಾಳೆಯಲ್ಲಿ ಗೌಡನ ಮಾತು ಇತ್ತು. ‘ಕಾಲುವೆ ನನ್ನದು, ನೀರು ನನ್ನದು, ನಡಿ ಆಚೆ!’ ನಾನೇ ಬರೆದದ್ದು, ಅವರ ಗುಡುಗಿಗೆ ಅಳತೆ ಹಿಡಿದು ಬರೆದದ್ದು. ಅದನ್ನು ಹೇಳಿಕೊಟ್ಟಿದ್ದರೆ ಚಪ್ಪಾಳೆ ಬೀಳುತ್ತಿತ್ತು, ಹಾಡು ಬರುತ್ತಿತ್ತು, ನಾಟಕ ಮುಗಿಯುತ್ತಿತ್ತು. ಮನೆಗೆ ಹೋಗಿ ನಾನು ರೊಟ್ಟಿ ಬಡಿಯುತ್ತಿದ್ದೆ. ಸೊಂಟದ ಮೇಲೆ ಮಗಳು ನನ್ನ ಬಳೆ ಹಿಡಿದು ಜಗ್ಗುತ್ತಿದ್ದಳು. ನನಗೆ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಬಾಯಿ ತೆರೆದೆ. ಈ ಸಲ ಪಿಸುಗುಟ್ಟಲಿಲ್ಲ.

“ಬಿಡ್ತೀನಿ. ಈಗಲೇ ಬಿಡ್ತೀನಿ.”

ಮಾವ ತಿರುಗಿ ನೋಡಿದರು. ಬಣ್ಣದ ಮುಖದಲ್ಲಿ ಏನಿತ್ತೆಂದು ಹೇಳಲಾರೆ. ನನ್ನ ಬಾಳ್ವೆ, ಕುರ್ಚಿ, ಮೊರದ ಮೇಲಿನ ಹಾಳೆ ಎಲ್ಲವೂ ಆ ಮುಖದ ಮೇಲೆ ನಿಂತಿತ್ತು. ಆಮೇಲೆ ಅವರು ಜನರತ್ತ ತಿರುಗಿ ಎದೆ ಉಬ್ಬಿಸಿದರು.

“ಬಿಡ್ತೀನಿ! ಎಲೈ ತಾಯೀ, ಈಗಲೇ ಬಿಡ್ತೀನಿ!”

ಶಿಳ್ಳೆ, ಚಪ್ಪಾಳೆ, ಕೇಕೆ! ಎಲ್ಲ ಅಡಗಿದ ಮೇಲೂ ಅಕ್ಕ ಅಲ್ಲೇ ನಿಂತಿದ್ದಳು. ಮಾವ ಅವಳನ್ನು ನೋಡಿದರು, ಜನರನ್ನು ನೋಡಿದರು. ಆಮೇಲೆ ಗೌಡನ ದನಿ ಬಿಟ್ಟು ತಮ್ಮ ದನಿಯಲ್ಲಿ, “ನಡೀರಿ ಮತ್ತೆ. ಬಣ್ಣ ತೊಳ್ಕಂಡ್ರೆ ನನ್ನ ಮನಸು ತಿರುಗೀತು. ಹಿಂಗೇ ಹೋಗಿಬಿಡಾಣ,” ಎಂದು ಜಗಲಿಯಿಂದ ಇಳಿದೇಬಿಟ್ಟರು.

ಜನವೆಲ್ಲ ಎದ್ದು ಅವರ ಹಿಂದೆ ಹೊರಟಿತು. ಅಲ್ರೀ, ನನ್ನ ಹಾಡು! ನಾನು ನಿದ್ದೆಗೆಟ್ಟು ಕಟ್ಟಿದ ಕೊನೆಯ ಹಾಡನ್ನು ಕೇಳಲು ಬಯಲಿನಲ್ಲಿ ಎರಡು ನಾಯಿ ಉಳಿದವು. ಅಂಥ ಹೊತ್ತಿನಲ್ಲೂ ನನಗೆ ಅದಕ್ಕೇ ಸಿಟ್ಟು ಬಂದದ್ದು ನಿಜ. ಮಗಳನ್ನು ಎತ್ತಿಕೊಂಡು ನಾನೂ ಓಡಿದೆ. ಮಾವ ಜರಿಕೋಟು ಬಿಚ್ಚಲಿಲ್ಲ. ಪಂಚೆ ಎತ್ತಿ ಕಟ್ಟಿ ಕಾಲುವೆಗೆ ಇಳಿದು, ಹುಲ್ಲಿನ ಪಿಂಡಿ ಕಿತ್ತೆಸೆದು, ಹಲಗೆಯನ್ನು ಎರಡೂ ಕೈಯಿಂದ ಜಗ್ಗಿದರು. ನೀರು ಕೆಳಗೆ ಹೊರಟಿತು. ಅಕ್ಕ ಯಾರ ಜೊತೆಗೂ ಮಾತಾಡದೆ, ನೀರಿನ ಜೊತೆಗೇ ಬದುವಿನ ಮೇಲೆ ತನ್ನ ಗದ್ದೆಯ ಕಡೆಗೆ ಓಡಿದಳು. ಮಾವ ಹಲಗೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ತಂದು ಹಿತ್ತಲ ಗೋಡೆಗೆ ಒರಗಿಸಿದರು.

ಸಂಜೆ ಅವರು ನಡುಮನೆಯಲ್ಲಿ ಮಣೆಯ ಮೇಲೆ ಕೂತಿದ್ದರು. ಅತ್ತೆ ಬಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಅವರ ಮುಖದ ಬಣ್ಣ ತೆಗೆಯುತ್ತಿದ್ದರು. ನಾನು ಒಲೆಯ ಮುಂದೆ ರೊಟ್ಟಿ ತಟ್ಟುತ್ತ, ಒಂದು ಕಿವಿಯನ್ನು ಆ ಕಡೆಗೇ ಇಟ್ಟು ಕೂತಿದ್ದೆ. ಗಂಡ ಅಂಗಡಿಯಿಂದ ಬಂದವರು, “ನಾಟ್ಕ ಹೆಂಗಾತಪ್ಪಾ?” ಎಂದರು.

“ಪೂರ್ತಿ ಆಗ್ಲಿಲ್ಲ,” ಎಂದರು ಮಾವ. ಆಮೇಲೆ ಒಲೆಯ ಕಡೆ ತಿರುಗದೆಯೇ ನನಗೆ ಹೇಳಿದರು: “ಹೇಳಿಕೊಡೋರು ಮೆಲ್ಲಗೆ ಹೇಳ್ಬೇಕವ್ವಾ. ಅಷ್ಟು ಜೋರಾಗಿ ಹೇಳಿದ್ರೆ ಜನಕ್ಕೆಲ್ಲ ಕೇಳಸ್ತೈತಿ.”

ಅಷ್ಟರಲ್ಲಿ ಅತ್ತೆ ಅವರ ಗದ್ದ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿದರು.

“ಕೇಳಸ್ಲಿ ಅಂತಾನೇ ಹೇಳ್ಯಾಳ,” ಎಂದರು ಅತ್ತೆ. “ಅಲುಗಾಡ್ಬ್ಯಾಡ್ರಿ, ಮೀಸೆದು ಇನ್ನೂ ಐತಿ.”

ಮಾವ ಕಣ್ಣು ಮುಚ್ಚಿ ಅಲುಗಾಡದೆ ಕೂತರು.