ಒಬ್ಬೊಬ್ಬರಾಗಿ ನಗಲು ಕಲಿಸಿದ ಹಮೀದಾ ಮೇಡಂ

ವೇಗವಾಗಿ ಓಡುವ ಎಲೆಕ್ಟ್ರಾನುಗಳು ಗುಂಪುಗೂಡಿ ಬೆಳಕು ಸೂಸುವ ಬಗೆಯನ್ನು ಮೂರು ದಶಕಗಳ ಕಾಲ ಅಭ್ಯಸಿಸಿ, ಶಿವಾಜಿನಗರದ ನಮ್ಮ ಭೌತಶಾಸ್ತ್ರ ವಿಭಾಗಕ್ಕೆ ದೂರದೂರುಗಳಲ್ಲೂ ಗೌರವ ತಂದುಕೊಟ್ಟ ಡಾ. ಹಮೀದಾ ಮೇಡಂ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ವಿದ್ಯಾರ್ಥಿನಿಯಾದ ನನಗೆ ನಾಲ್ಕು ಮಾತು ಬರೆಯುವ ಅವಕಾಶ ದೊರೆತಿದೆ. ಒಲೆಯ ಮೇಲೆ ಬೇಳೆ ಇರುವುದರಿಂದ ಮಾತು ಅಲ್ಲಲ್ಲಿ ಕಡಿದರೆ ಓದುಗರು ಮನ್ನಿಸಬೇಕು.

ಸಾವಿರ ಎಲೆಕ್ಟ್ರಾನುಗಳು ತಂತಮ್ಮ ಪಾಡಿಗೆ ಬೆಳಗಿದರೆ ಒಂದರ ಸಾವಿರ ಪಟ್ಟು ಬೆಳಕು; ಒತ್ತೊತ್ತಾಗಿ ಓಡುತ್ತ ಒಂದೇ ತಾಳಕ್ಕೆ ಬೆಳಗಿದರೆ ಹತ್ತು ಲಕ್ಷ ಪಟ್ಟು. ಇದು ನನ್ನ ಪಿಎಚ್.ಡಿ. ವಿಷಯ. ಅದರ ನಡುವೆ ಮಗಳು ಹುಟ್ಟಿದಳು. ಲಿಂಗರಾಜಪುರದ ಮನೆಯಲ್ಲಿ ಅವಳನ್ನು ನೋಡಿಕೊಳ್ಳುವವರಿಲ್ಲದೆ, ಸಂಶೋಧನೆ ಬಿಡುತ್ತೇನೆಂದು ಹೇಳಲು ಹೋದೆ.

“ಬಿಡೋದ್ಯಾಕೆ ಬೇಟಾ? ಕರ್ಕೊಂಡು ಬಾ, ಇಲ್ಲೇ ಮಲಗ್ಲಿ,” ಎಂದರು ಮೇಡಂ. ಮರುದಿನವೇ ಪುಲಿಕೇಶಿನಗರದ ಅವರ ಮನೆಯಿಂದ ತೊಟ್ಟಿಲು ಆಟೋದಲ್ಲಿ ಪ್ರಯೋಗಾಲಯಕ್ಕೆ ಬಂತು.

ಮಗಳು ಮಾತಿನ ಗದ್ದಲಕ್ಕೆ ಏಳುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ನಕ್ಕರೆ ಮಾತ್ರ ಕಿರುಚಿ ಏಳುತ್ತಿದ್ದಳು. ಅದನ್ನು ಗಮನಿಸಿದ ಮೇಡಂ ಪ್ರಯೋಗಾಲಯಕ್ಕೊಂದು ನಿಯಮ ಮಾಡಿದರು: “ಜೋಕ್ ಹೇಳ್ಕೊಳ್ಳಿ, ಬೇಡ ಅನ್ನಲ್ಲ. ಒಬ್ಬೊಬ್ರಾಗಿ ನಗಿ.”

“ನನ್ನ ಸರದಿ ಬರೋಷ್ಟರಲ್ಲಿ ಜೋಕ್ ತಣ್ಣಗಾಗಿರುತ್ತೆ ಮೇಡಂ,” ಎಂದ ಸಹಪಾಠಿ ಓವೈಸ್.

“ನಿನ್ನ ಜೋಕ್ ಬಿಸಿ ಇದ್ದಿದ್ದು ಯಾವಾಗಪ್ಪ?”

ಮೌಖಿಕ ಪರೀಕ್ಷೆಯ ದಿನ ಮಗಳು ಮುಂದಿನ ಸಾಲಿನಲ್ಲಿ ಮೇಡಂ ಹೆಗಲ ಮೇಲೆ ಮಲಗಿದ್ದಳು. ಎದ್ದರೆ ನಾನೇ ಎತ್ತಿಕೊಳ್ಳಬೇಕಿತ್ತು, ಪರೀಕ್ಷೆ ನಿಂತುಹೋಗುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕ ಲಕ್ಷ್ಮಿಕಾಂತ ಅವರಿಗೆ ಬೈಯಪ್ಪನಹಳ್ಳಿಯಿಂದ ಸಂಜೆಯ ರೈಲು. ಮತ್ತೆ ಎಂದು ಬರುವರೋ ತಿಳಿಯದು. ಅವರೋ ಹಾಸ್ಯಪ್ರಿಯರು. ಮೊದಲಿಗೇ ಒಂದು ನಗೆಮಾತು ಹೇಳಿದರು. ಕೇಳಲು ಬಂದಿದ್ದ ನಮ್ಮ ಪ್ರಯೋಗಾಲಯದವರಲ್ಲಿ ಒಬ್ಬ ನಕ್ಕು ನಿಲ್ಲಿಸಿದ. ಪಕ್ಕದವಳು ನಕ್ಕು ನಿಲ್ಲಿಸಿದಳು. ಆಮೇಲೆ ಅವಳ ಹಿಂದಿನವನು.

“ಏನ್ರೀ ಇದು? ಕ್ಯೂ ನಿಂತು ನಗ್ತೀರಾ?” ಪರೀಕ್ಷಕರ ಮುಖ ಕೆಂಪಾಯಿತು.

ನಾನು ಮಗಳತ್ತ ಕೈ ತೋರಿಸಿದೆ. “ಇವರು ಎಲೆಕ್ಟ್ರಾನ್‌ಗಳು ಸರ್. ತಾಳ ಕೂಡಿದ್ರೆ ಮಗು ಏಳುತ್ತೆ.”

ಅವರು ಮಗುವನ್ನು ನೋಡಿ ದನಿ ತಗ್ಗಿಸಿದರು. “ಎಷ್ಟು ಜನ ಕೂಡಿದ್ರೆ?”

“ಮೂರು ಜನ. ಇಬ್ಬರಿಗೆ ಬರೀ ಹೊರಳ್ತಾಳೆ.”

“ಅಳತೆ ಮಾಡಿದೀರಾ?”

“ಬೇಡ ಅಂದ್ರೂ ಆಗ್ಹೋಗಿದೆ ಸರ್,” ಎಂದರು ಮೇಡಂ, ಮಗುವಿನ ಬೆನ್ನು ತಟ್ಟುತ್ತ.

ಮುಂದಿನ ಎರಡು ಗಂಟೆಯ ಪ್ರಶ್ನೋತ್ತರ ಪಿಸುಮಾತಿನಲ್ಲೇ ನಡೆಯಿತು. ಕೊನೆಗೆ ಪರೀಕ್ಷಕರು ನನ್ನ ಕಿವಿಯ ಬಳಿ ಬಗ್ಗಿ, “ಡಾಕ್ಟರ್ ಬೃಂದಾ, ಎಲ್ಲಾ ಸರಿಯಿದೆ,” ಎಂದರು. ಮಗಳು ಇನ್ನೂ ನಿದ್ರಿಸುತ್ತಿದ್ದಳು. ಮೇಡಂ ಅವರ ಹೆಗಲು ಜೊಲ್ಲಿನಿಂದ ತೊಯ್ದಿತ್ತು.

ಅವರಿಗೆ ದೀರ್ಘಾಯುಷ್ಯ, ಮಂಡಿಗೆ ಬಲ ದೊರೆಯಲಿ. ನಾವಿಬ್ಬರೂ ಬರೆಯುತ್ತಿರುವ ಹೊಸ ಪ್ರಬಂಧ ಅರ್ಧಕ್ಕೆ ನಿಂತಿದೆ. ನಿವೃತ್ತಿಯ ಮರುದಿನ, ಪಾತ್ರೆ ತೊಳೆದಿಟ್ಟು, ಮೂರು ಗಂಟೆಗೆ ಅವರ ಮನೆಗೆ ಹೋಗುತ್ತೇನೆ.